ಬಾಯಾರಿದ ಕಾಗದದ ಹೂ

ಕೊಲ್ಲಿಯ ಎಣ್ಣೆ ಊರು ಅಹ್ಮದಿಯಲ್ಲಿ ನನ್ನ ಪಕ್ಕದ ಮನೆಯವರು ಪುತ್ತೂರಿನ ಇಸ್ಮಾಯಿಲ್ ಬ್ಯಾರಿ, ನಮ್ಮ ಕಂಪನಿಯ ಸ್ಟೋರ್ ಕೀಪರ್. ಅವರ ಗೇಟಿನ ಮೇಲಿನ ಕಾಗದದ ಹೂವಿನ ಬಳ್ಳಿ ಯಾವಾಗ ನೋಡಿದರೂ ಕೆಂಪಗೆ ಉರಿಯುತ್ತಿತ್ತು. ಇತ್ತ ನನ್ನ ಹೊಟ್ಟೆಯೂ. ಅದೇ ಬಳ್ಳಿಯ ತುಂಡು ಕೇಳಿ ತಂದು ನೆಟ್ಟಿದ್ದೆ. ನಮ್ಮ ಕರಾವಳಿಯ ಅಭ್ಯಾಸ ನೋಡಿ, ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ನೀರು ಸುರಿಯುತ್ತಿದ್ದೆ. ಬಂದದ್ದು ಬರೀ ಎಲೆ!

"ನೀರು ನಿಲ್ಲಿಸಿ ಮಾರಾಯ್ರೆ," ಅಂದರು ಬ್ಯಾರಿ. "ಬಾಯಾರಿದರೆ ಮಾತ್ರ ಅದು ಹೂ ಬಿಡುವುದು."

ಮರುಭೂಮಿಯಲ್ಲಿ ನೀರು ಹಾಕಬೇಡಿ ಅನ್ನುವ ಮನುಷ್ಯನಿಗೆ ನನ್ನ ಗಿಡ ಸಾಯುವುದೇ ಬೇಕು ಅಂದುಕೊಂಡೆ. ಹಟಕ್ಕೆ ಮಧ್ಯಾಹ್ನವೂ ಒಂದು ಬಕೆಟ್ ಹಾಕತೊಡಗಿದೆ.

೧೯೯೦ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ನಮ್ಮ ನಲ್ಲಿಯಲ್ಲಿ ನೀರು ಬರುವುದೇ ಅಪರೂಪವಾಯಿತು. ಕುಡಿಯಲು ಇಲ್ಲದ ಮೇಲೆ ಗಿಡಕ್ಕೆ ಎಲ್ಲಿಂದ? ಎಲೆಯೆಲ್ಲ ಉದುರಿತು. ಕೊನೆಗೆ ಗಡಿ ದಾಟಿಸುವ ಬಸ್ಸು ಸಿಕ್ಕಿದ ದಿನ ಗೇಟಿಗೆ ಬೀಗ ಹಾಕಲು ತಿರುಗಿದರೆ, ಬೋಳು ಕೊಂಬೆಯ ತುಂಬ ಹೂವು!

ಸ್ಟೋರಿನ ಬೀಗದಕೈ ಯಾರಿಗೆ ಕೊಡುವುದು ಎಂದು ಬ್ಯಾರಿ ಹೊರಡದೆ ಉಳಿದಿದ್ದರು. ಗೋಡೆಯ ಆಚೆಯಿಂದ ಕಣ್ಣರಳಿಸಿದರು.

"ಆಯ್ತಲ್ಲ ಮಾರಾಯ್ರೆ! ನೀವು ಧೈರ್ಯದಲ್ಲಿ ಹೋಗಿ, ನಾನು ನೋಡಿಕೊಳ್ತೇನೆ."

ನೋಡಿಕೊಳ್ತಾರಂತೆ! ಕಾದದ್ದು ನಾನು, ನೋಡುವುದು ಇವರು.

ಬಸ್ಸಿನಲ್ಲಿ ಒಬ್ಬರಿಗೆ ಒಂದೇ ಬ್ಯಾಗು ಅಂದಿದ್ದರು. ಪುಣ್ಯಕ್ಕೆ ಹೊಟ್ಟೆಕಿಚ್ಚನ್ನು ಯಾರೂ ಲಗೇಜಿನ ಲೆಕ್ಕಕ್ಕೆ ಹಿಡಿಯಲಿಲ್ಲ.