ರುಚಿ ನೋಡದ ಕೊಬ್ಬರಿ ಮಿಠಾಯಿ

ಶೆಟ್ಟಿಹಳ್ಳಿಯ ನಮ್ಮ ಮನೆ ಮುಂದಿನ ಪುಟ್ಟ ಅಂಗಡಿಯಲ್ಲಿ ನಾನು ಕೊಬ್ಬರಿ ಮಿಠಾಯಿ ಮಾಡಿ ಮಾರುತ್ತೇನೆ. ಶುರುವಿನಲ್ಲಿ ಗಿರಾಕಿಗಳೇ ಬರುತ್ತಿರಲಿಲ್ಲ. ಇನ್ನೊಂದು ತಿಂಗಳು ನೋಡಿ ಬಾಗಿಲು ಹಾಕಿಬಿಡುತ್ತೇನೆ ಎಂದು ದೇವರಿಗೆ ಹೇಳಿಕೊಂಡಿದ್ದೆ. ಆ ವಾರವೇ ಗುಬ್ಬಿಯ ಹೆಂಗಸೊಬ್ಬರು ಮಿಠಾಯಿ ಕೊಳ್ಳಲು ಬಂದರು. ಇನ್‌ಸ್ಟಾಗ್ರಾಮ್‌ನಲ್ಲೇ ಸೀರೆ ಮಾರುತ್ತಾರಂತೆ.

"ಒಂದು ರೀಲ್ ಹಾಕಿ ನೋಡಿ ಅಕ್ಕ, ನಾನೇ ಮಾಡ್ಕೊಡ್ತೀನಿ" ಎಂದು ನನ್ನ ಫೋನು ಹಿಡಿದು ನಿಂತರು.

ಆಗಷ್ಟೇ ಇಳಿಸಿದ ಮಿಠಾಯಿಯನ್ನು ತಟ್ಟೆಯಲ್ಲಿ ಕತ್ತರಿಸಿದೆ.

"ಈಗ ಒಂದು ತುಂಡು ಬಾಯಿಗೆ ಹಾಕ್ಕೊಂಡು, ಆಹಾ ಸೂಪರ್ ಅನ್ನಿ."

"ಅಯ್ಯೋ, ಇನ್ನೂ ನೈವೇದ್ಯ ಆಗಿಲ್ಲ ಕಣಮ್ಮ."

"ಸುಮ್ನೆ ತಿಂದಂಗೆ ಮಾಡಿ ಅಕ್ಕ."

"ದೇವರ ಹತ್ರ ನಾಟಕ ಆಡಕ್ಕಾಗುತ್ತಾ?"

"ಮಾಡಿದೋರೇ ತಿನ್ನಲ್ಲ ಅಂದ್ರೆ ಜನ ಯಾಕೆ ತಗೋತಾರೆ?"

"ಮೊದ್ಲು ಅವ್ನು ತಿನ್ಲಿ, ಆಮೇಲೆ ಜನ, ಕೊನೇಗೆ ನಾನು."

ಆಕೆ ಜೋರಾಗಿ ನಕ್ಕರು. ಕ್ಯಾಮೆರಾ ಅಷ್ಟೂ ಹೊತ್ತು ಓಡುತ್ತಲೇ ಇತ್ತು. ಬೇಡವೆಂದರೂ ಕೇಳದೆ ನಮ್ಮ ಜಗಳವನ್ನೇ ರೀಲ್ ಮಾಡಿ, ನನ್ನ ಫೋನ್ ನಂಬರನ್ನೂ ಸೇರಿಸಿ ತಮ್ಮ ಸೀರೆ ಪೇಜಿಗೆ ಹಾಕಿಬಿಟ್ಟರು. ನಾಚಿಕೆಯಿಂದ ನಾನದನ್ನು ನೋಡಲೂ ಇಲ್ಲ.

ಮರುದಿನ ಪೂಜೆ ಮುಗಿಸಿ ಏಳುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಕುಣಿಗಲ್‌ನಿಂದ ಒಬ್ಬರು, "ದೇವ್ರು ಮೊದ್ಲು ತಿನ್ನೋ ಮಿಠಾಯಿ ನಿಮ್ದೇನಾ? ಗೃಹಪ್ರವೇಶಕ್ಕೆ ಬೇಕಿತ್ತು" ಎಂದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ತಿಂಗಳು ಕಳೆಯಿತು, ಬಾಗಿಲು ಹಾಕಲು ನನಗೆ ಪುರುಸೊತ್ತೇ ಸಿಗಲಿಲ್ಲ. ಎಲ್ಲ ಅವನ ದಯೆ.

ಸಕ್ಕರೆ ಹದ ಸರಿಯಿದೆಯೇ ಎಂದು ಈಗಲೂ ನಾನು ಮೊದಲು ರುಚಿ ನೋಡುವುದಿಲ್ಲ. ಮೊದಲು ತಿನ್ನುವವನು ಇದುವರೆಗೂ ದೂರು ಹೇಳಿಲ್ಲ.