ಅಕ್ಕ ಹುಡುಕಿ ತಂದ ಮೆಷೀನು

ನಮ್ಮ ಅಕ್ಕನಿಗೆ ಹಳೇ ಕಾಲದ ಬಟ್ಟೆ ಒಗೆಯುವ ಮೆಷೀನುಗಳ ಹುಚ್ಚು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂತ ನೆಂಟರು ಅವಳ ಮುಂದೆಯೇ ಗಾದೆ ಹೇಳಿ ಹೇಳಿ ಸುಸ್ತಾದರು. ಅವಳು ಮದುವೆಯನ್ನೂ ಆಗಲಿಲ್ಲ, ಹುಚ್ಚನ್ನೂ ಬಿಡಲಿಲ್ಲ. ಹಗಲು ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು, ಸಂಜೆ ಮನೆ ಪಕ್ಕದ ಶೆಡ್ಡಿನಲ್ಲಿ ಕೂತು ತುಕ್ಕು ಕೆರೆಯುವುದು. ಕಾರಿಗೆಂದು ಕಟ್ಟಿಸಿದ ಶೆಡ್ಡು ಅದು. ಕಾರು ಬರಲೇ ಇಲ್ಲ. ದುಂಡನೆಯ ತೊಟ್ಟಿಗಳು, ಸವೆದ ಚಕ್ರಗಳು, ಬಿರುಕುಬಿಟ್ಟ ರಬ್ಬರ್ ರೋಲರುಗಳು ಬಂದು ತುಂಬಿಕೊಂಡವು.

ಅವಳಂಥವರು ಬೇರೆ ಊರುಗಳಲ್ಲೂ ಇದ್ದಾರೆ. ಒಂದು ಸ್ವಿಚ್ಚು ಮೆಷೀನಿನ ಜೊತೆ ಬಂದಿದ್ದೋ ಆಮೇಲೆ ಹಾಕಿದ್ದೋ ಅಂತ ಫೋನಿನಲ್ಲಿ ಗಂಟೆಗಟ್ಟಲೆ ಜಗಳವಾಡುತ್ತಾರೆ. ತೊಟ್ಟಿಯ ತಳದ ನಂಬರು ನೋಡಿ ಹುಟ್ಟಿದ ವರ್ಷ ಹೇಳುತ್ತಾರೆ. ಅವರಿಗೆಲ್ಲ ಇದು ಇತಿಹಾಸ. ಅಕ್ಕನಿಗೆ ಇದು ಅಪ್ಪನ ಮಾನದ ಪ್ರಶ್ನೆಯಾಗಿತ್ತು.

ಅಪ್ಪ ಅಮ್ಮ ಇಬ್ಬರೂ ಒಂದು ಲಾಡ್ಜಿನ ಹಿಂಭಾಗದ ಲಾಂಡ್ರಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿದ್ದ ಮೆಷೀನಿನ ತೊಟ್ಟಿ ಬಟ್ಟೆ ಒಗೆಯುತ್ತಿತ್ತು, ಅಷ್ಟೇ. ಹಿಂಡುವುದಕ್ಕೆ ತೊಟ್ಟಿಯ ಮೇಲೆ ಒಂದರ ಮೇಲೊಂದು ಎರಡು ರಬ್ಬರ್ ರೋಲರುಗಳು, ಕರೆಂಟಿನಲ್ಲಿ ತಿರುಗುವಂಥವು. ಈಚೆ ನಿಂತವರು ಒದ್ದೆ ಚಾದರದ ತುದಿ ಕೊಡಬೇಕು, ಆಚೆ ನಿಂತವರು ಎಳೆದುಕೊಳ್ಳಬೇಕು. ಏನಾದರೂ ಸಿಕ್ಕಿಕೊಂಡರೆ ಮೇಲಿನ ಕಬ್ಬಿಣದ ಪಟ್ಟಿಗೆ ಒಂದು ಏಟು ಕೊಟ್ಟರೆ ಸಾಕು, ರೋಲರುಗಳು ಬಿಟ್ಟುಕೊಳ್ಳುತ್ತವೆ. ಅಮ್ಮ ಈಚೆ, ಅಪ್ಪ ಆಚೆ. ಪಟ್ಟಿ ಇದ್ದದ್ದು ಅಪ್ಪನ ಕೈಗೆಟಕುವಲ್ಲಿ. ಒಂದು ದಿನ ಚಾದರದ ಅಂಚು ಅಮ್ಮನ ಬೆರಳಿಗೆ ಸುತ್ತಿಕೊಂಡು ಬಲಗೈಯನ್ನು ಒಳಕ್ಕೆ ಎಳೆಯಿತು. ಕಿರುಚಾಟ ಕೇಳಿ ಯಾರೋ ಓಡಿಬಂದು ಪ್ಲಗ್ಗು ಕಿತ್ತರು. ಅಷ್ಟರಲ್ಲಿ ಮೂರು ಬೆರಳು ಹೋಗಿದ್ದವು. ಅಕ್ಕ ಆಗ ಶಾಲೆಯಲ್ಲಿದ್ದಳು, ನಾನಿನ್ನೂ ಹುಟ್ಟಿರಲಿಲ್ಲ.

ಇವರು ಪಟ್ಟಿಗೆ ಹೊಡೆದರು, ಅದು ಬಿಡಲಿಲ್ಲ ಅಂತ ಆಸ್ಪತ್ರೆಯಲ್ಲಿ ಎಚ್ಚರವಾದ ಕೂಡಲೇ ಅಮ್ಮ ಹೇಳಿದಳಂತೆ. ನಮ್ಮ ಮನೆಗೆ ಅದೇ ವೇದವಾಕ್ಯ. ನಂಬದೇ ಇದ್ದವರು ಒಬ್ಬರೇ, ಅಮ್ಮನ ಅಣ್ಣ, ನಮ್ಮ ಸೋದರಮಾವ. ಕಣ್ಣೆದುರು ಹೆಂಡತಿಯ ಕೈ ಹೋಗುತ್ತಿದ್ದರೆ ಗೊಂಬೆ ಹಾಗೆ ನಿಂತಿದ್ದ ಅಂತ ಅವರು ಕಂಡಕಂಡವರ ಹತ್ತಿರ ಹೇಳಿದರು. ಮನೆಗೆ ಬಂದರೆ ಅಪ್ಪ ಕೊಟ್ಟ ನೀರು ಮುಟ್ಟುತ್ತಿರಲಿಲ್ಲ. ಅಪ್ಪ ತಲೆ ತಗ್ಗಿಸಿದರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ನಮ್ಮ ಮುಂದೆಯೇ ನಗುತ್ತಿದ್ದರು. ಆ ನಗು ಅಕ್ಕನ ಹೊಟ್ಟೆಯಲ್ಲಿ ಕೆಂಡವಾಗಿ ಉಳಿಯಿತು.

ಅಪ್ಪ ಮಾತ್ರ ಒಂದು ದಿನವೂ ತಿರುಗಿ ಮಾತಾಡಲಿಲ್ಲ. ಮನೆಯ ಬಟ್ಟೆಯನ್ನೆಲ್ಲ ಕೈಯಲ್ಲೇ ಒಗೆದರು. ಅಮ್ಮನ ತಲೆ ಬಾಚಿದರು, ತರಕಾರಿ ಹೆಚ್ಚಿದರು. ಗಂಡ ಅಂದರೆ ಇವರಪ್ಪಾ ಅಂತ ಅಕ್ಕಪಕ್ಕದವರು ಹೊಗಳಿದರೆ ಎದ್ದು ಒಳಗೆ ಹೋಗುತ್ತಿದ್ದರು. ಅಕ್ಕ ಒಂದೊಂದು ಮೆಷೀನು ತಂದಾಗಲೂ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಶೆಡ್ಡಿನ ಹೊಸ್ತಿಲು ಒಮ್ಮೆಯೂ ದಾಟಿದವರಲ್ಲ. ಪಾಪ, ಹಳೆಯದೆಲ್ಲ ನೆನಪಾಗುತ್ತೆ ಅಂದುಕೊಂಡು ಸುಮ್ಮನಿದ್ದೆವು.

ಕೊನೆಗೆ ಅಕ್ಕ ಆ ಲಾಡ್ಜಿನ ಮೆಷೀನನ್ನೇ ಹುಡುಕಿಬಿಟ್ಟಳು. ಲಾಡ್ಜಿನವರು ಅಮ್ಮನ ಬೆರಳು ಹೋದ ದಿನವೇ ಅದನ್ನು ಗೋಡೌನಿಗೆ ತಳ್ಳಿ ಗೋಣಿಚೀಲ ಹೊದಿಸಿದ್ದರು, ಆಮೇಲೆ ಯಾರೂ ಮುಟ್ಟಿರಲಿಲ್ಲ. ಗೋಡೌನು ಖಾಲಿ ಮಾಡುವ ಸುದ್ದಿ ಅವಳ ಗುಂಪಿನವರಿಂದ ಬಂತು. ಲಾರಿಯಿಂದ ಇಳಿಸಿದಾಗ ಒಂದು ಕಾಲಿಗೆ ತಾಮ್ರದ ತಂತಿ ಸುತ್ತಿದ್ದು ಕಾಣಿಸಿತು. ಜಗಲಿಯಲ್ಲಿ ನಿಂತಿದ್ದ ಅಪ್ಪ ಅದನ್ನು ನೋಡಿ, "ಅದು ನಾನೇ ಸುತ್ತಿದ್ದು," ಅಂದರು. ಆಮೇಲೆ ಕಂಬ ಹಿಡಿದುಕೊಂಡು ನಿಧಾನಕ್ಕೆ ಕೂತುಬಿಟ್ಟರು.

ಅಕ್ಕ ಮೋಟರಿನ ವೈರು ಮಾತ್ರ ಬದಲಾಯಿಸಿದಳು. ಪಟ್ಟಿಗಾಗಲಿ ಅದರ ಸ್ಪ್ರಿಂಗಿಗಾಗಲಿ ಒಂದು ತೊಟ್ಟು ಎಣ್ಣೆ ಹಾಕಲಿಲ್ಲ. ಅಸಲು ಹೇಗಿತ್ತೋ ಹಾಗೇ ಇರಬೇಕು ಅನ್ನುವುದು ಅವಳ ಗುಂಪಿನವರ ನೇಮ. ಎಣ್ಣೆ ಹಾಕಿದರೆ ಸಾಕ್ಷಿ ಕೆಡುತ್ತದೆ ಅನ್ನುವುದು ಅವಳ ಲೆಕ್ಕ. ಪಟ್ಟಿ ಬಿಡುತ್ತೋ ಇಲ್ಲವೋ ಭಾನುವಾರ ಬಂದು ಕಣ್ಣಾರೆ ನೋಡಿ ಅಂತ ಮಾವನಿಗೂ ಹೇಳಿ ಕಳಿಸಿದಳು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಯಾಕೆ ಕರೆಯುತ್ತೀಯ ಅಂತ ನಾನು ಗೋಗರೆದೆ. ಅವಳು ಕೇಳಲಿಲ್ಲ.

"ಬಿಡದಿದ್ರೆ ಸರಿ ಅಕ್ಕ. ಅಕಸ್ಮಾತ್ ಬಿಟ್ರೆ?"

"ಅಪ್ಪ ಅಂಥೋರಲ್ಲ ಕಣೋ," ಅಂದಳು.

ಆ ವಾರವಿಡೀ ನನಗೆ ಹೆದರಿಕೆ. ಅಪ್ಪ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದರು. ಹಗ್ಗದ ಮೇಲೆ ಒಣಗಿದ್ದನ್ನು ತೆಗೆದು ಪುನಃ ನೀರಿಗೆ ಹಾಕುತ್ತಿದ್ದರು. ಕರೆದರೆ ಬೆಚ್ಚಿಬೀಳುತ್ತಿದ್ದರು. ಅಮ್ಮ ಅವರನ್ನು ನೋಡುತ್ತಿದ್ದಳು, ನನ್ನನ್ನು ನೋಡುತ್ತಿದ್ದಳು. ಆಗಲೇ ನನಗೆ ಅರ್ಥವಾಗಬೇಕಿತ್ತು. ಅರ್ಥವಾಗಿತ್ತೋ ಏನೋ, ಅದಕ್ಕೇ ಅಷ್ಟು ಹೆದರಿದ್ದೆ.

ಭಾನುವಾರ ಬೆಳಿಗ್ಗೆ ಮಾವ ಊರುಗೋಲು ಊರಿಕೊಂಡು ಬಂದರು. ಶೆಡ್ಡಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಅಮ್ಮ ಗೋಡೆಗೆ ಒರಗಿ ನಿಂತಳು. ಅಪ್ಪ ಹೊಸ್ತಿಲಾಚೆಯೇ ಉಳಿದರು. ಅಕ್ಕ ಸ್ವಿಚ್ಚು ಒತ್ತಿದಳು. ರೋಲರುಗಳು ಗೊರಗೊರ ಸದ್ದು ಮಾಡುತ್ತ ತಿರುಗತೊಡಗಿದವು. ಆ ಸದ್ದಿಗೆ ಅಮ್ಮ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಒದ್ದೆ ಚಾದರವನ್ನು ದಪ್ಪಗೆ ಮಡಿಸಿ ಅಕ್ಕ ಅದರ ತುದಿ ಕೊಟ್ಟಳು. ರೋಲರು ಕಚ್ಚಿ ಎಳೆಯಿತು. ನೋಡ್ತಾ ಇರಿ ಮಾವ, ಬಿಡಲ್ಲ ಅಂತ ಹೇಳಿ ಪಟ್ಟಿಗೆ ಹೊಡೆದಳು. ಟಪ್ಪೆಂದು ರೋಲರುಗಳು ಬೇರೆಯಾದವು. ಚಾದರ ಜಾರಿ ನೆಲಕ್ಕೆ ಬಿತ್ತು.

ಅಕ್ಕ ಅದನ್ನು ಎತ್ತಿ ಇನ್ನೂ ದಪ್ಪಗೆ ಮಡಿಸಿದಳು. ಮತ್ತೆ ಬಿಟ್ಟಿತು. ಆಮೇಲೆ ಹೊಡೆಯಲೂ ಇಲ್ಲ, ಬರೀ ಬೆರಳ ತುದಿ ತಾಗಿಸಿದಳು. ಆಗಲೂ ಬಿಟ್ಟಿತು. ಅಷ್ಟು ವರ್ಷ ತುಕ್ಕು ಹಿಡಿದು ಬಿದ್ದಿದ್ದ ಪಟ್ಟಿ ಮುಟ್ಟಿದರೆ ಸಾಕು ಬಿಡುತ್ತಿತ್ತು. ಅವಳು ಯಾರ ಮುಖವನ್ನೂ ನೋಡದೆ ಚಾದರ ಮಡಿಸುತ್ತಲೇ ಇದ್ದಳು.

ಅಪ್ಪ ಹೊಸ್ತಿಲು ದಾಟಿ ಒಳಗೆ ಬಂದರು.

"ಸಾಕು ಮಗಳೇ. ನನ್ನ ಕೈ ಏಳಲೇ ಇಲ್ಲ. ಪಟ್ಟಿ ಕಣ್ಣೆದುರೇ ಇತ್ತು. ಕೈ ಏಳಲಿಲ್ಲ."

ಮಾವ ಕುರ್ಚಿಯಿಂದ ಎದ್ದರು. ಅವರು ಬಾಯಿ ತೆರೆಯುವ ಮುಂಚೆ ಅಮ್ಮ ಗೋಡೆ ಬಿಟ್ಟು ಮುಂದೆ ಬಂದಳು.

"ನಂಗೆ ಗೊತ್ತು. ನಾನು ಇವರ ಮುಖಾನೇ ನೋಡ್ತಿದ್ದೆ," ಅಂದಳು. ಆಮೇಲೆ ಮಾವನ ಕಡೆ ತಿರುಗಿದಳು. "ಬೆರಳು ಹೋಗಿದ್ದು ನಂದು ಅಣ್ಣ. ಯಾರ ತಪ್ಪು ಅಂತ ಹೇಳೋಳೂ ನಾನೇ. ಮೆಷೀನಿಂದು ಅಂತ ಅವತ್ತೇ ಹೇಳಿದೀನಿ."

ಮಾವ ಊರುಗೋಲು ಎತ್ತಿಕೊಂಡು ಹೊರಟುಹೋದರು. ಅಕ್ಕ ಸ್ವಿಚ್ಚು ಆರಿಸಿದಳು. ಅವಳು ಅಪ್ಪನ ಮೇಲೆ ಕೂಗಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಕೂಗಾಡಲಿಲ್ಲ. ನೆಲ ಒರೆಸಿದಳು, ಚಾದರವನ್ನು ಹಗ್ಗದ ಮೇಲೆ ಹರವಿದಳು. ಆಮೇಲೆ ಒಂದು ವಾರ ಶಾಲೆಗೆ ಹೋಗಲಿಲ್ಲ.

ಈಗಲೂ ಅವಳ ಗುಂಪಿನವರು ಬರುತ್ತಾರೆ. ಮಿಕ್ಕ ಮೆಷೀನುಗಳ ಜಾತಕವನ್ನೆಲ್ಲ ಹೇಳುವ ಅಕ್ಕ, ಇದರ ಮುಂದೆ ನಿಂತಾಗ ಅಮ್ಮನ್ನ ಕೇಳಿ ಅನ್ನುತ್ತಾಳೆ. ಅದರ ಪಟ್ಟಿ ಬಿಡಲ್ಲ ಅಂತ ಅಮ್ಮ ಜಗಲಿಯಿಂದಲೇ ಹೇಳುತ್ತಾಳೆ. ಅಂಥವರು ಕೇಳಿ ಸುಮ್ಮನಿರುತ್ತಾರೆಯೇ? ಒಬ್ಬರಲ್ಲ ಒಬ್ಬರು ಪಟ್ಟಿ ಒತ್ತಿಯೇ ಒತ್ತುತ್ತಾರೆ. ಟಪ್ಪೆನ್ನುವ ಸದ್ದು ಕೇಳಿದರೆ ಸಾಕು, ತರಕಾರಿ ಹೆಚ್ಚುತ್ತ ಕೂತ ಅಪ್ಪನ ಬಲಗೈ ಚಾಕು ಬಿಟ್ಟು ಎದೆಯ ಮಟ್ಟಕ್ಕೆ ಏಳುತ್ತದೆ. ಎದ್ದದ್ದು ಹಾಗೇ ನಿಲ್ಲುತ್ತದೆ. ಪಕ್ಕದಲ್ಲಿ ಕೂತ ಅಮ್ಮ ಉಳಿದ ಎರಡು ಬೆರಳಿನಲ್ಲಿ ಅದನ್ನು ಹಿಡಿದು ಕೆಳಗಿಳಿಸುತ್ತಾಳೆ.