ಬಾಗಿಲಲ್ಲಿ ಹಿಡಿಸದ ಹರಿಗೋಲು

ಮದ್ದೂರಿನ ಶಿಂಷಾ ದಡದಲ್ಲಿ ಹೊಸ ಕಟ್ಟಡ ಎಬ್ಬಿಸಿದವರು ಮಹಾ ಬುದ್ಧಿವಂತರು. ಕಿಟಕಿ ಅಳೆದರು, ಕಪಾಟು ಅಳೆದರು, ಹರಿಗೋಲೊಂದನ್ನು ಮಾತ್ರ ಅಳೆಯಲಿಲ್ಲ.

ಮಳವಳ್ಳಿ ಕಡೆಯ ನದಿ ದಾಟಿಸುವ ಒಂದು ಹಳೇ ಕಡವಿನಲ್ಲಿ ಕಸ್ತೂರಿರಂಗ ಮೇಷ್ಟರು ಹರಿಗೋಲು, ಹುಟ್ಟು, ನೂಕುವ ಗಳ, ಹಗ್ಗಗಳನ್ನೆಲ್ಲ ಕೂಡಿಹಾಕಿ ವಸ್ತುಸಂಗ್ರಹ ಮಾಡಿದ್ದರು. ಅಂಬಿಗರ ಜವರಯ್ಯ ಅದರ ಕಾವಲುಗಾರ. ಅಲ್ಲೊಂದು ಸೇತುವೆಯಾದ ಮೇಲೆ ಆ ಕಡವಿಗೆ ನರಪಿಳ್ಳೆಯೂ ಬರುತ್ತಿರಲಿಲ್ಲ. ಅದಕ್ಕೇ ೧೯೩೬ರ ಬೇಸಿಗೆಯಲ್ಲಿ ಎಲ್ಲವನ್ನೂ ಬಸ್ಸು ನಿಲ್ಲುವ, ಜನ ಗಿಜಿಗುಡುವ ಈ ದಡಕ್ಕೆ ಗಾಡಿಯಲ್ಲಿ ಸಾಗಿಸಿದರು. ಮಧ್ಯಾಹ್ನ ಮೂರಕ್ಕೆ ಅಮಲ್ದಾರರಿಂದ ಉದ್ಘಾಟನೆ.

ಅಂದು ಬೆಳಿಗ್ಗೆ ನೋಡಿದರೆ ಹರಿಗೋಲು ಆರು ಮೊಳ ಅಗಲ, ಬಾಗಿಲು ನಾಲ್ಕೇ ಮೊಳ ಎತ್ತರ. ಓರೆ ಮಾಡಿದರು, ನೆಟ್ಟಗೆ ನಿಲ್ಲಿಸಿದರು, ಹಿಡಿಸಲಿಲ್ಲ. ಗೋಡೆ ಒಡೆದರೆ ತೊಲೆ ಕುಸಿಯುತ್ತಿತ್ತು. ಬಡಗಿ ಮಾದಯ್ಯ ಗರಗಸ ತಂದ.

"ಎರಡು ಹೋಳು ಮಾಡಿ ಒಳಗೆ ಸೇರಿಸಿ ಹೊಲಿದರಾಯ್ತು," ಎಂದರು ಮೇಷ್ಟರು, ಜವರಯ್ಯನ ಮುಖ ನೋಡದೆ.

ಬಿದಿರು ಹೆಣೆದು, ಚರ್ಮ ಹೊದಿಸಿ ಅದನ್ನು ಕಟ್ಟಿದವನು ಜವರಯ್ಯನ ಅಪ್ಪ. ಅಪ್ಪನದೆಂದು ಉಳಿದಿದ್ದು ಅದೊಂದೇ. ಜವರಯ್ಯ ಗರಗಸಕ್ಕೂ ಹರಿಗೋಲಿಗೂ ನಡುವೆ ಬಂದು ನಿಂತ.

"ಗರಗಸ ಕೆಳಗಿಡ್ಲಾ ಮಾದಯ್ಯ! ಮೇಷ್ಟ್ರೇ, ಎಲ್ಡು ಗಂಟೆಗಂಟ ಟೈಮ್ ಕೊಡಿ. ನೀರಲ್ಲಿ ನೆನೆಸಿ, ಬಗ್ಗಿಸಿ ಒಳೀಕೆ ತತ್ತೀನಿ."

"ಹಳೇ ಬಿದಿರು ಕಣಯ್ಯ. ಮುರಿದರೆ?"

"ಮುರುದ್ರೆ ಆಮೇಲೆ ಕುಯ್ಕಳಿ. ನಾನು ಅಡ್ಡ ಬರಾಕಿಲ್ಲ."

ಪಕ್ಕದ ಮದ್ದೂರು ಸೇತುವೆ ಕೆಳಗಿನ ಮಡುವಿನಲ್ಲಿ ಅದನ್ನು ಮುಳುಗಿಸಿ, ತಾನೂ ಎದೆಮಟ್ಟ ನೀರಲ್ಲಿ ನಿಂತ. ಎರಡು ಗಂಟೆಗೆ ಎಂಟು ಆಳು ಎತ್ತಿ ತಂದರು. ಸುತ್ತ ಹಗ್ಗ ಬಿಗಿದಂತೆಲ್ಲ ದುಂಡಗಿದ್ದದ್ದು ಉದ್ದುದ್ದವಾಯಿತು, ಬಿದಿರು ನರಳಿತು. ಬಸ್ಸಿನವರೆಲ್ಲ ಇಳಿದು ಬಂದು ಮುತ್ತಿಕೊಂಡರು. ಬಾಗಿಲವಾಡಕ್ಕಿಂತ ಇನ್ನು ಎರಡೇ ಬೆರಳು ಹೆಚ್ಚಿತ್ತು. ಅಷ್ಟರಲ್ಲಿ ಅಮಲ್ದಾರರ ಮೋಟಾರು ಬಂತೆಂದು ಯಾರೋ ಕೂಗಿದರು.

"ಇನ್ನೊಂದು ಸುತ್ತು ಬಿಗೀರ್ಲಾ!" ಎಂದ ಜವರಯ್ಯ.

ಬಿಗಿದರು. ಲಟಕ್ಕೆಂದಿತು. ಸದ್ದು ಮಾಡಿದ್ದು ಬಾಗಿಲವಾಡವೆಂದುಕೊಂಡು ಎಲ್ಲರೂ ನೂಕಿಯೇ ನೂಕಿದರು. ಒದ್ದೆ ಚರ್ಮದ ಮೇಲಿದ್ದ ಜವರಯ್ಯನ ಅಂಗೈಗೆ ಮಾತ್ರ ತಿಳಿಯಿತು: ತಳದ ನಡುಬಿದಿರು ಮುರಿದಿತ್ತು.

ಒಳಗೆ ಹಗ್ಗ ಬಿಚ್ಚಿದಾಗ ಹರಿಗೋಲು ಮತ್ತೆ ದುಂಡಗಾಯಿತು. ಜನ ಚಪ್ಪಾಳೆ ತಟ್ಟಿದರು. ಮೇಷ್ಟರು ಕಣ್ಣೊರೆಸಿಕೊಂಡರು.

ಅಮಲ್ದಾರರು ಹಾರ ಹಾಕಿಸಿಕೊಂಡು, ಬೆತ್ತದಿಂದ ಹರಿಗೋಲಿನ ಅಂಚು ತಟ್ಟಿ ಕೇಳಿದರು: "ಏನಯ್ಯ, ಇದು ಈಗಲೂ ತೇಲುತ್ತಾ?"

ದಡದಲ್ಲಿ ನಿಂತು ಇದೇ ಮಾತು ಕೇಳಿದವರಿಗೆ ಜವರಯ್ಯ ಹರಿಗೋಲು ಹಾಕಿದ ನಲವತ್ತು ವರ್ಷದಲ್ಲಿ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಅದು ಜೀವದ ಮಾತು. ಆದರೆ ಮುರಿದರೆ ಕುಯ್ಯಲೆಂದು ಅವನೇ ಒಪ್ಪಿದ್ದ; ಬಾಗಿಲ ಪಕ್ಕದಲ್ಲಿ ಮಾದಯ್ಯ ಗರಗಸ ಹಿಡಿದು ನಿಂತೇ ಇದ್ದ.

"ತೇಲ್ತದೆ ಬುದ್ದಿ," ಎಂದ ಜವರಯ್ಯ. "ಹತ್ತು ಜನ ಕುಂತ್ರೂ ತೇಲ್ತದೆ."

ಆಮೇಲೆ ಆಚೆ ಹೋಗಿ, ನದಿಗೆ ಬೆನ್ನು ಹಾಕಿ ಕುಳಿತ.